ಮೊದಲ ಬೆಳಕು ಪುಸ್ತಕಕ್ಕೆ

ಅನ್ನ, ಬಟ್ಟೆ, ವಸತಿ ಈ ಮೂರು ಮನುಷ್ಯನ ಮೂಲಭೂತ ಅವಶ್ಯಕತೆಗಳೆಂದು ನಾವೆಲ್ಲ ಸಮಾಜ ಪಾಠದಲ್ಲಿ ಓದಿದ್ದೇವೆ. ಓದುವ ಮಕ್ಕಳಿರುವ ಮನೆಯಲ್ಲಿ ಈ ಪಟ್ಟಿಗೆ ನಾಲ್ಕನೆಯದೊಂದನ್ನು ಸೇರಿಸಬೇಕಾಗುತ್ತದೆ. ಅದೇ ಬೆಳಕು. ಹಗಲಿನ ಬೆಳಕನ್ನು ದೇವರು ಎಲ್ಲರಿಗೂ ಸಮನಾಗಿ ಹಂಚಿದ್ದಾನೆ. ರಾತ್ರಿಯ ಬೆಳಕು ಮಾತ್ರ ಹಾಗಿಲ್ಲ. ಅದು ಬಂಗಲೆಗೆ ಒಂದು ರೀತಿ, ತಗಡಿನ ಶೆಡ್ಡಿಗೆ ಇನ್ನೊಂದು ರೀತಿ ಬರುತ್ತದೆ. ಪರೀಕ್ಷೆಯ ಪ್ರಶ್ನೆಪತ್ರಿಕೆಯಾದರೋ ಇಬ್ಬರಿಗೂ ಒಂದೇ.

ಗೋವಾದಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಬಹುಪಾಲು ಜನ ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳ, ಹಾವೇರಿ, ಬೆಳಗಾವಿ ಕಡೆಯಿಂದ ದುಡಿಮೆಗಾಗಿ ಬಂದವರು. ಗೌಂಡಿ ಕೆಲಸ, ಸೆಂಟ್ರಿಂಗ್ ಕೆಲಸ, ಬಂದರಿನ ಹಮಾಲಿ, ತರಕಾರಿ ವ್ಯಾಪಾರ, ಮನೆಗೆಲಸ, ಹೀಗೆ ಈ ನಾಡಿನ ಅರ್ಧ ಕಟ್ಟಡಗಳಿಗೆ ನಮ್ಮವರ ಬೆವರು ಬಿದ್ದಿದೆ ಎಂದರೆ ಅತಿಶಯೋಕ್ತಿಯಾಗಲಾರದು. ಇವರಲ್ಲಿ ಅನೇಕರು ವಾಸ್ಕೋ, ಝುವಾರಿನಗರ, ಮಡಗಾವ, ಫೋಂಡಾ, ಮಾಪುಸಾಗಳಲ್ಲಿ ಬಾಡಿಗೆಯ ಖೋಲಿಗಳಲ್ಲಿದ್ದಾರೆ. ಇನ್ನು ಕೆಲವರು ಕಟ್ಟಡದ ಪಕ್ಕದಲ್ಲೇ ತಗಡು ಹೊದಿಸಿದ ಶೆಡ್ಡಿನಲ್ಲಿರುತ್ತಾರೆ. ಕಟ್ಟಡ ಮುಗಿದ ಮೇಲೆ ಶೆಡ್ಡು ಕಿತ್ತು ಮುಂದಿನ ಕೆಲಸದ ಜಾಗಕ್ಕೆ ಹೊರಡುತ್ತಾರೆ. ಹಾಸಿಗೆ, ಪಾತ್ರೆ, ಒಲೆ, ಮಕ್ಕಳ ಪಾಟೀಚೀಲ ಎಲ್ಲವೂ ಒಂದು ಟೆಂಪೋದಲ್ಲಿ ಹಿಡಿಸುತ್ತವೆ. ಇವು ಮನೆಗಳೇ ಹೌದು. ಆದರೆ ಗಾಲಿಯಿಲ್ಲದ ಗಾಲಿಮನೆಗಳು.

ನಿಜವಾದ ಗಾಲಿಮನೆಯನ್ನೂ ನಮ್ಮ ವಿದ್ಯಾರ್ಥಿಗಳು ಕಂಡಿರುತ್ತಾರೆ. ಕಡಲ ದಂಡೆಯ ಊರುಗಳಿಗೆ ಚಳಿಗಾಲದಲ್ಲಿ ಬರುವ ಪರದೇಶದ ಪ್ರವಾಸಿಗಳಲ್ಲಿ ಕೆಲವರು ದೊಡ್ಡ ವ್ಯಾನಿನಲ್ಲೇ ಮಲಗುತ್ತಾರೆ, ಅಲ್ಲೇ ಅಡಿಗೆ ಮಾಡಿಕೊಳ್ಳುತ್ತಾರೆ. ಇದಕ್ಕೆ ಕ್ಯಾರವಾನ್ ಎಂದು ಹೆಸರು. 1960 ಮತ್ತು 1970ರ ದಶಕಗಳಲ್ಲಿ ಯುರೋಪಿನ ತರುಣರು ಇಂಥ ವಾಹನಗಳಲ್ಲಿ ಟರ್ಕಿ, ಇರಾನ್, ಅಫಘಾನಿಸ್ತಾನ ದಾಟಿ ಗೋವಾವರೆಗೂ ಬರುತ್ತಿದ್ದರು. 1979ರಲ್ಲಿ ಇರಾನಿನ ಕ್ರಾಂತಿ, ಅದೇ ವರ್ಷದ ಕೊನೆಗೆ ಅಫಘಾನಿಸ್ತಾನಕ್ಕೆ ಸೋವಿಯತ್ ಸೈನ್ಯದ ಪ್ರವೇಶ, ಇವೆರಡರಿಂದ ಆ ದಾರಿ ಮುಚ್ಚಿತು.

ಗಾಲಿಮನೆಯ ಬದುಕು ನಮಗೂ ಹೊಸದಲ್ಲ. ನಮ್ಮ ಶಾಲೆಯಲ್ಲಿ ಲಂಬಾಣಿ ಮನೆತನದ ಮಕ್ಕಳು ಬಹಳ ಜನ ಓದುತ್ತಾರೆ. ಅವರ ಹಿರಿಯರು ನೂರಾರು ಎತ್ತುಗಳ ಮೇಲೆ ಉಪ್ಪು, ದವಸಧಾನ್ಯ ಹೇರಿಕೊಂಡು ದೇಶದ ಉದ್ದಗಲಕ್ಕೂ ಸಾಗಿಸುತ್ತಿದ್ದವರು. ಹತ್ತೊಂಬತ್ತನೆಯ ಶತಮಾನದಲ್ಲಿ ರಸ್ತೆ, ರೈಲುಗಳು ಬಂದು ಆ ವ್ಯಾಪಾರ ನಿಂತಿತು. ಇಂದು ಊರಿನ ಹೆಸರಾಗಿ ಉಳಿದಿರುವ ತಾಂಡಾ ಎಂಬ ಮಾತು ಮೊದಲು ಆ ಸಾಲಿಗೇ ಇದ್ದ ಹೆಸರು. ಇನ್ನು ಬಾದಾಮಿಯ ಬನಶಂಕರಿ ಜಾತ್ರೆ ನೋಡಿದ ಪಾಲಕರಿಗೆ ನಾಟಕ ಕಂಪನಿಗಳ ಕ್ಯಾಂಪು ಗೊತ್ತೇ ಇದೆ. ಥೇಟರಿನ ತಗಡು, ಪರದೆ, ಪೆಟ್ಟಿಗೆ ಹೊತ್ತು ಊರಿಂದೂರಿಗೆ ತಿರುಗುವ ಆ ಜನ ಊರಿನ ಲೈನು ನಂಬಿ ನಾಟಕ ಹಚ್ಚುವುದಿಲ್ಲ. ಟಿಕೀಟು ಕೊಟ್ಟ ಮೇಲೆ ನಡುವೆ ಕತ್ತಲಾದರೆ ಜನ ಸುಮ್ಮನಿರುವುದಿಲ್ಲವಲ್ಲ! ಆದ್ದರಿಂದ ಜನರೇಟರು ಜೊತೆಗೇ ಇರುತ್ತದೆ.

ಇಲ್ಲಿಯೇ ನನ್ನ ಮಾತಿನ ತಿರುಳಿದೆ. ಯಾರಿಗೆ ಕತ್ತಲೆ ತಡೆಯಲಾರದೋ ಅವರು ತಮ್ಮ ಬೆಳಕನ್ನು ತಾವೇ ಹೊತ್ತುಕೊಂಡು ತಿರುಗುತ್ತಾರೆ. ಆಸ್ಪತ್ರೆಯ ಶಸ್ತ್ರಚಿಕಿತ್ಸೆಯ ಕೋಣೆ ಲೈನಿಗಾಗಿ ಕಾಯುವುದಿಲ್ಲ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ವಿದ್ಯುತ್ ಜಾಲವೇ ಕುಸಿದು, ಎರಡನೆಯ ದಿನ ಪೂರ್ವ ಮತ್ತು ಈಶಾನ್ಯ ಭಾರತವೂ ಅದರೊಂದಿಗೆ ಕತ್ತಲಲ್ಲಿ ಮುಳುಗಿತು. ದೆಹಲಿಯ ಮೆಟ್ರೋ ರೈಲುಗಳು ಕೂಡ ನಿಂತವು. ರಾಜಧಾನಿಯ ಗತಿಯೇ ಹೀಗಾದ ಮೇಲೆ ನಮ್ಮ ಶೆಡ್ಡಿನ ಪಾಡೇನು? ಹತ್ತನೆಯ ತರಗತಿಯ ವಿದ್ಯಾರ್ಥಿಯನ್ನೂ ಕತ್ತಲೆ ತಡೆಯಲಾರದವರ ಸಾಲಿನಲ್ಲಿ ಸೇರಿಸಬೇಕು ಎಂಬುದು ನನ್ನ ಅಭಿಪ್ರಾಯ. ಕರೆಂಟು ಬರಲಿ, ಹೋಗಲಿ, ಆ ಮಗುವಿನ ಮುಂದೆ ರಾತ್ರಿ ಎರಡು ಮೂರು ತಾಸು ಒಂದು ದೀಪ ಉರಿಯಲೇಬೇಕು. ಆ ದೀಪ ಮನೆಯ ಗೋಡೆಗೆ ಅಂಟಿಕೊಂಡಿರಬಾರದು, ಎತ್ತಿಕೊಂಡು ಹೋಗುವಂತಿರಬೇಕು.

ಗೋವಾದಲ್ಲಿ ಕರೆಂಟು ಏಕೆ ಹೋಗುತ್ತದೆ ಎಂಬುದನ್ನು ಮಕ್ಕಳು ತಿಳಿದಿರುವುದು ಒಳ್ಳೆಯದು. ಈ ರಾಜ್ಯಕ್ಕೆ ತನ್ನದೇ ಆದ ದೊಡ್ಡ ವಿದ್ಯುತ್ ಸ್ಥಾವರವಿಲ್ಲ. ಛತ್ತೀಸಗಡದ ಕೋರ್ಬಾ, ಮಧ್ಯಪ್ರದೇಶದ ವಿಂಧ್ಯಾಚಲ ಮೊದಲಾದ ದೂರದ ಸ್ಥಾವರಗಳಲ್ಲಿ ಕಲ್ಲಿದ್ದಲು ಉರಿದು ಹುಟ್ಟಿದ ವಿದ್ಯುತ್ತು ಕಾಡು ಬೆಟ್ಟ ದಾಟಿ ಇಲ್ಲಿಗೆ ಬರಬೇಕು. ವಿಜಯಪುರದಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆಯಾದರೆ ಗೋವಾದಲ್ಲಿ ಸುಮಾರು 3,000 ಮಿಲಿಮೀಟರ್. ಗಾಳಿಮಳೆಗೆ ತೆಂಗಿನ ಗರಿಯೋ ಹಲಸಿನ ಕೊಂಬೆಯೋ ತಂತಿಯ ಮೇಲೆ ಬಿದ್ದರೆ ಇಡೀ ವಾಡೆ ಕತ್ತಲೆ. ಅನೇಕ ಕಡೆ ನೆಲದೊಳಗೆ ಕೇಬಲ್ ಹಾಕಿದ್ದಾರಾದರೂ ತಲೆಯ ಮೇಲಿನ ತಂತಿಗಳು ಇನ್ನೂ ಬಹಳ ಇವೆ.

ಇದು ಊರಿಗೆಲ್ಲ ಬರುವ ತೊಂದರೆ. ಶೆಡ್ಡಿನವರಿಗೆ ಇದರ ಮೇಲೆ ಇನ್ನೊಂದು ತೊಂದರೆ ಇದೆ. ಎಷ್ಟೋ ಕಡೆ ಒಂದೇ ಮೀಟರಿನಿಂದ ಎಳೆದ ಒಂದೇ ತೆಳುವಾದ ವಾಯರು ಎಂಟು ಹತ್ತು ಖೋಲಿಗಳಿಗೆ ಹರಿಯುತ್ತದೆ. ತಂತಿ ಉದ್ದವಾದಷ್ಟೂ, ತೆಳುವಾದಷ್ಟೂ ಅದರ ರೋಧ ಹೆಚ್ಚು ಎಂದು ವಿಜ್ಞಾನದಲ್ಲಿ ಕಲಿಯುತ್ತೀರಿ. ಸಂಜೆ ಎಲ್ಲರೂ ಒಮ್ಮೆಲೇ ದೀಪ, ಫ್ಯಾನು, ಟಿ.ವಿ. ಹಚ್ಚಿದಾಗ ಕೊನೆಯ ಖೋಲಿಗೆ ವೋಲ್ಟೇಜು ಇಳಿಯುತ್ತದೆ. ಅಲ್ಲಿ ಫ್ಯಾನು ಎಣಿಸುವಷ್ಟು ನಿಧಾನ ತಿರುಗುತ್ತದೆ, ಟ್ಯೂಬಲೈಟು ಕಣ್ಣು ಮಿಟುಕಿಸುತ್ತ ಕೂಡುತ್ತದೆ. ಒಬ್ಬರು ಹೀಟರ್ ಒಲೆ ಹಚ್ಚಿದರೆ ಫ್ಯೂಜು ಹಾರಿ ಹತ್ತೂ ಮನೆ ಕತ್ತಲೆ. ಜಗಳ ಆಡುವುದರಲ್ಲಿ ಓದುವ ಹೊತ್ತು ಮುಗಿಯುತ್ತದೆ.

ಇದಕ್ಕೆ ಉಪಾಯವೆಂದು ಕೆಲವರು ಕಂಬದ ತಂತಿಗೆ ಕೊಕ್ಕೆ ಹಾಕುತ್ತಾರೆ. ಪಾಲಕರಲ್ಲಿ ನನ್ನ ಕಳಕಳಿಯ ವಿನಂತಿ: ದಯವಿಟ್ಟು ಈ ದಾರಿ ಹಿಡಿಯಬೇಡಿ. ಇದು 2003ರ ವಿದ್ಯುಚ್ಛಕ್ತಿ ಕಾಯಿದೆಯ ಪ್ರಕಾರ ಕಳ್ಳತನ, ಮೂರು ವರ್ಷದವರೆಗೆ ಸೆರೆವಾಸದ ಶಿಕ್ಷೆಯಿದೆ ಎಂಬುದೊಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಜೀವದ್ದು. ತಗಡಿನ ಗೋಡೆ, ಒದ್ದೆ ನೆಲ, ಸಿಪ್ಪೆ ಸುಲಿದ ವಾಯರು ಈ ಮೂರೂ ಕೂಡಿದಲ್ಲಿ ಇಡೀ ಗೋಡೆಯೇ ತಂತಿಯಾಗುತ್ತದೆ. ಬಟ್ಟೆ ಒಣಹಾಕಲು ಕೈ ಎತ್ತಿದ ತಾಯಿಗೆ ಅದು ಯಮಪಾಶ. ಲೈನು ಇರುವ ಶೆಡ್ಡುಗಳಲ್ಲಿ ಮಾಲೀಕರನ್ನು ಕೇಳಿ ಇ.ಎಲ್.ಸಿ.ಬಿ. ಎಂಬ ಸ್ವಿಚ್ಚನ್ನು ಹಾಕಿಸಿಕೊಳ್ಳಿ. 30 ಮಿಲಿಆಂಪಿಯರಿನಷ್ಟು ವಿದ್ಯುತ್ತು ದಾರಿ ತಪ್ಪಿ ಸೋರಿದರೂ ಅದು ಕಣ್ಣುರೆಪ್ಪೆ ಬಡಿಯುವುದರೊಳಗೆ ಸಂಪರ್ಕ ಕಡಿಯುತ್ತದೆ. ಯಾರಿಗಾದರೂ ಶಾಕ್ ಹೊಡೆದರೆ ಮೊದಲು ಮೇನ್ ಸ್ವಿಚ್ ತೆಗೆಯಿರಿ. ಅದು ಸಿಗದಿದ್ದರೆ ಒಣ ಕಟ್ಟಿಗೆಯಿಂದ ಸರಿಸಿರಿ. ಬರಿಗೈಯಿಂದ ಮುಟ್ಟಬೇಡಿರಿ. ಇನ್ನು ಮೇಣಬತ್ತಿ, ಚಿಮಣಿಗಳ ಮಾತು. ಪುಸ್ತಕದ ಮೇಲೆ ಬಿದ್ದ ಮೇಣದ ಹನಿಗಳನ್ನು ನಾವು ಶಿಕ್ಷಕರು ಎಷ್ಟೋ ನೋಡಿದ್ದೇವೆ. ಪ್ಲಾಸ್ಟಿಕ್ ಹೊದಿಸಿದ ಸಣ್ಣ ಖೋಲಿಯಲ್ಲಿ ನಿದ್ದೆಗಣ್ಣಿನ ಮಗುವಿನ ಮುಂದೆ ಉರಿಯುವ ಬೆಂಕಿ ಇಡುವುದು ಸರಿಯಲ್ಲ.

ಹಾಗಾದರೆ ಏನು ಮಾಡಬೇಕು? ಗಾಲಿಮನೆಯವರಿಂದ ಒಂದು ಪಾಠ ಕಲಿಯಬಹುದು. ಅವರ ಹತ್ತಿರ ಇರುವುದು ಒಂದು ಬ್ಯಾಟರಿ, ಮಾಡಿನ ಮೇಲೆ ಒಂದು ಸೌರಫಲಕ. ಬ್ಯಾಟರಿಯಲ್ಲಿ ಎಷ್ಟಿದೆ, ಯಾವ ಸಾಮಾನು ಎಷ್ಟು ತಿನ್ನುತ್ತದೆ ಎಂಬುದನ್ನು ಅವರು ಜಿಪುಣ ಸಾಹುಕಾರನಂತೆ ಲೆಕ್ಕ ಇಡುತ್ತಾರೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ನಮ್ಮ ಗಾದೆಯನ್ನು ನಮಗಿಂತ ಚೆನ್ನಾಗಿ ಪಾಲಿಸುವವರು ಅವರು.

ವಿದ್ಯಾರ್ಥಿಗಳೇ, ನೀವೂ ಈ ಲೆಕ್ಕ ಮಾಡಿ ನೋಡಿ. 12 ವೋಲ್ಟಿನ 40 ಆಂಪಿಯರ್‌ಅವರ್ ಬ್ಯಾಟರಿ ಎಂದರೆ 12 ಗುಣಿಲೆ 40, ಅಂದರೆ 480 ವ್ಯಾಟ್‌ಅವರ್. ಸಾದಾ ಸೀಸದ ಬ್ಯಾಟರಿ ಬಹುಕಾಲ ಬಾಳಬೇಕಾದರೆ ಅದರಲ್ಲಿ ಅರ್ಧ ಮಾತ್ರ ಬಳಸಬೇಕು. ಉಳಿದದ್ದು 240. ಐದು ವ್ಯಾಟಿನ ಎರಡು ಎಲ್.ಇ.ಡಿ. ದೀಪ ನಾಲ್ಕು ತಾಸಿಗೆ 40. ಎರಡು ಮೊಬೈಲಿಗೆ ಸುಮಾರು 30. ಬ್ಯಾಟರಿಗೆಂದೇ ಮಾಡಿದ 15 ವ್ಯಾಟಿನ ಸಣ್ಣ ಫ್ಯಾನು ರಾತ್ರಿ ಎಂಟು ತಾಸಿಗೆ 120. ಒಟ್ಟು 190. ಐವತ್ತು ಕೈಯಲ್ಲಿ ಉಳಿಯಿತು. ಇನ್ನು 50 ವ್ಯಾಟಿನ ಟಿ.ವಿ.ಯನ್ನು ಮೂರು ತಾಸು ಹಚ್ಚಿದರೆ ಅದೊಂದಕ್ಕೇ 150 ಬೇಕು. ಅದು ಈ ಚೀಲದಲ್ಲಿ ಹಿಡಿಸುವುದಿಲ್ಲ. ಏನನ್ನಾದರೂ ಬಿಡಲೇಬೇಕು. ಏನನ್ನು ಬಿಡುತ್ತೀರಿ? ಈ ಪ್ರಶ್ನೆಗೆ ಗಣಿತದಲ್ಲಿ ಉತ್ತರವಿಲ್ಲ. ಅದನ್ನು ಪ್ರತಿಯೊಂದು ಮನೆಯೂ ತಾನೇ ಹೇಳಬೇಕು. ನನ್ನ ಉತ್ತರ ಇಷ್ಟೇ: ಮೊದಲ ಬೆಳಕು ಪುಸ್ತಕಕ್ಕೆ, ಉಳಿದದ್ದು ಉಳಿದವುಗಳಿಗೆ.

ಅಷ್ಟು ದೊಡ್ಡ ಬ್ಯಾಟರಿಯ ಖರ್ಚು ಎಲ್ಲರಿಂದ ಆಗದ ಮಾತು, ನಿಜ. ಆದರೆ ಓದುವುದಕ್ಕೆ ಅಷ್ಟು ಬೇಕಿಲ್ಲ. ಮೂರು ವ್ಯಾಟಿನ ಒಂದು ಎಲ್.ಇ.ಡಿ. ಮೇಜುದೀಪ ಸಾಕು. ಅದರೊಳಗಿನ 3.2 ವೋಲ್ಟ್, 6 ಆಂಪಿಯರ್‌ಅವರಿನ ಬ್ಯಾಟರಿ ಐದಾರು ತಾಸು ಬೆಳಕು ಕೊಡುತ್ತದೆ. ಹಿಂದಿನ 60 ವ್ಯಾಟಿನ ಬಲ್ಬು ಮಾಡುತ್ತಿದ್ದ ಕೆಲಸವನ್ನು ಇಂದು ಒಂಬತ್ತು ವ್ಯಾಟಿನ ಎಲ್.ಇ.ಡಿ. ಮಾಡುತ್ತದೆ. ನೀಲಿ ಬೆಳಕಿನ ಎಲ್.ಇ.ಡಿ.ಯನ್ನು ಕಂಡುಹಿಡಿದು ಇದನ್ನು ಸಾಧ್ಯ ಮಾಡಿದ ಅಕಾಸಾಕಿ, ಅಮಾನೋ, ನಾಕಾಮುರಾ ಎಂಬ ಮೂವರು ವಿಜ್ಞಾನಿಗಳಿಗೆ 2014ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಬಡವನ ಮನೆಯ ದೀಪವನ್ನು ಹಗುರ ಮಾಡಿದವರು ಇವರು.

ಇಲ್ಲಿ ಶಾಲೆಯ ಕರ್ತವ್ಯ ಆರಂಭವಾಗುತ್ತದೆ. ಕರ್ನಾಟಕದಲ್ಲಿ 1995ರಲ್ಲಿ ಹುಟ್ಟಿದ ಸೆಲ್ಕೋ ಎಂಬ ಸೌರವಿದ್ಯುತ್ ಸಂಸ್ಥೆಯ ಸ್ಥಾಪಕರಲ್ಲೊಬ್ಬರಾದ ಹರೀಶ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. ಈ ಬಳಗದವರು ಶಾಲೆಗಳಲ್ಲಿ ಒಂದು ಸೊಗಸಾದ ಯೋಜನೆ ನಡೆಸಿದ್ದಾರೆ. ಶಾಲೆಯ ಮಾಡಿನ ಮೇಲೆ ಸೌರಫಲಕ. ಮಕ್ಕಳ ಮನೆಯಲ್ಲಿ ದೀಪ. ಬುತ್ತಿ ಡಬ್ಬಿಯ ಹಾಗೆ ಒಂದು ಸಣ್ಣ ಬ್ಯಾಟರಿಯನ್ನು ಮಗು ದಿನಾಲು ಶಾಲೆಗೆ ತರುತ್ತದೆ, ಪಾಠ ನಡೆಯುವಾಗ ಅದು ತುಂಬಿಕೊಳ್ಳುತ್ತದೆ, ಸಂಜೆ ಮನೆಗೆ ಹೋಗಿ ದೀಪವಾಗುತ್ತದೆ. ಬ್ಯಾಟರಿ ತುಂಬಬೇಕಾದರೆ ಶಾಲೆಗೆ ಬರಲೇಬೇಕು. ಹೀಗೆ ಹಾಜರಿಗೂ ಇದು ಒಳ್ಳೆಯ ಮದ್ದು.

ಇದನ್ನು ನಮ್ಮ ಶಾಲೆಯಲ್ಲೂ ಮಾಡಬಾರದೇಕೆ? ಗೋವಾದ ಮಳೆಗಾಲದಲ್ಲಿ ಸೂರ್ಯದರ್ಶನವೇ ದುರ್ಲಭವಾಗಿರುವಾಗ ಸೌರಫಲಕ ಒಂದನ್ನೇ ನಂಬುವಂತಿಲ್ಲ. ಶಾಲೆಯ ಲೈನಿನಿಂದಲೇ ದೀಪಗಳನ್ನು ತುಂಬಿಸಬಹುದು. ಒಂದು ದೀಪಕ್ಕೆ ಸುಮಾರು 20 ವ್ಯಾಟ್‌ಅವರ್ ಎಂದರೆ ನೂರು ದೀಪಕ್ಕೆ 2,000, ಅಂದರೆ ಎರಡು ಯುನಿಟ್. ಸೋರಿಕೆ ಸೇರಿ ಎರಡೂವರೆ ಎನ್ನೋಣ. ನೂರು ಮಕ್ಕಳ ಒಂದು ರಾತ್ರಿಯ ವಿದ್ಯೆಗೆ ತಗಲುವ ವಿದ್ಯುತ್ತಿನ ಬೆಲೆ ಎರಡು ಕಪ್ ಚಹಾದ ಬೆಲೆಯಷ್ಟೇ! ಮಧ್ಯಾಹ್ನದ ಊಟವನ್ನು ಶಾಲೆಯ ಹೊಣೆಯೆಂದು ದೇಶವೇ ಒಪ್ಪಿಕೊಂಡಿದೆ. ರಾತ್ರಿಯ ದೀಪವನ್ನೂ ಹಾಗೆಯೇ ಒಪ್ಪಿಕೊಳ್ಳುವ ಕಾಲ ಬಂದಿದೆ. ದೀಪ ಕೊಳ್ಳುವ ಮೊದಲ ಖರ್ಚಿಗೆ ಹಳೆಯ ವಿದ್ಯಾರ್ಥಿಗಳೂ ಇಲ್ಲಿನ ಕನ್ನಡ ಸಂಘಗಳೂ ಕೈ ನೀಡಿಯಾರು. ಹನಿಗೂಡಿದರೆ ಹಳ್ಳ.

ಎತ್ತಿಕೊಂಡು ಹೋಗುವ ದೀಪವೇ ಏಕೆ ಬೇಕು ಎಂದು ಕೇಳುವವರಿಗೆ ಒಂದು ಘಟನೆ ನೆನಪಿಸುತ್ತೇನೆ. 2004ರ ಜೂನ್ ತಿಂಗಳಲ್ಲಿ, ಮಳೆಗಾಲದ ಹೊಸ್ತಿಲಲ್ಲಿ, ವಾಸ್ಕೋದ ಬಾಯಣಾ ದಂಡೆಯ ಗುಡಿಸಲುಗಳನ್ನು ಸರಕಾರ ಕೆಡವಿತು. ಅಲ್ಲಿ ಕನ್ನಡಿಗರೂ ಬಹಳ ಜನ ಇದ್ದರು. ಅದರ ಸರಿ ತಪ್ಪುಗಳ ಚರ್ಚೆ ಇಲ್ಲಿ ಬೇಡ. ಗೋಡೆ ಬಿದ್ದಾಗ ಗೋಡೆಗೆ ಹೊಡೆದ ದೀಪವೂ ಬೀಳುತ್ತದೆ, ಚೀಲದಲ್ಲಿರುವ ದೀಪ ಮಗುವಿನೊಂದಿಗೆ ಹೊರಡುತ್ತದೆ. ಊರು ಬದಲಾದರೂ, ಶೆಡ್ಡು ಬದಲಾದರೂ ಅಂದಿನ ಪಾಠ ಅಂದೇ ಓದಬಹುದು.

ಇದಕ್ಕೆ ಕೆಲವರು ಎದುರು ಹೇಳುತ್ತಾರೆ: “ಗುರುಗಳೇ, ಬೀದಿದೀಪದ ಕೆಳಗೆ ಓದಿದವರೇ ದೊಡ್ಡವರಾಗಿಲ್ಲವೇ? ಕಷ್ಟದಲ್ಲಿ ಓದಿದರೇ ವಿದ್ಯೆ ಹತ್ತುವುದು.” ಈ ಕಥೆಗಳನ್ನು ತರಗತಿಯಲ್ಲಿ ನಾನೂ ಹೇಳುತ್ತೇನೆ, ಮಕ್ಕಳಿಗೆ ಧೈರ್ಯ ತುಂಬಲು ಅವು ಬೇಕು. ಆದರೆ ಅವು ಮಕ್ಕಳಿಗೆ ಹೇಳುವ ಕಥೆಗಳು, ದೊಡ್ಡವರು ಕೈಕಟ್ಟಿ ಕೂಡಲು ಹೇಳಿಕೊಳ್ಳುವ ನೆಪಗಳಲ್ಲ. ಬೀದಿದೀಪದ ಕೆಳಗೆ ಓದಿ ಗೆದ್ದ ಒಬ್ಬನ ಹೆಸರು ನಮಗೆ ಗೊತ್ತು. ಅದೇ ಕತ್ತಲೆಯಲ್ಲಿ ಪುಸ್ತಕ ಮುಚ್ಚಿಟ್ಟು ಕೂಲಿಗೆ ಹೋದ ನೂರು ಜನರ ಹೆಸರು ಯಾರಿಗೆ ಗೊತ್ತು?

ಇನ್ನು ಕೆಲವರು ಮೊಬೈಲಿನ ಬ್ಯಾಟರಿ ಬೆಳಕು ಇದೆಯಲ್ಲ ಎನ್ನುತ್ತಾರೆ. ಆ ಮೊಬೈಲು ತಂದೆಯ ನಾಳಿನ ಕೆಲಸಕ್ಕೆ ಮುಕಾದಮನ ಕರೆ ಬರುವ ಸಾಧನ, ಅದನ್ನು ಮಗ ಓದಿ ಖಾಲಿ ಮಾಡುವಂತಿಲ್ಲ. ಅಲ್ಲದೆ ಬೆಳಕು ಕೊಡುವ ಕೈಯೇ ಚಿತ್ರವನ್ನೂ ತೋರಿಸಿದರೆ ಮನಸ್ಸು ಪುಸ್ತಕದಲ್ಲಿ ಎಷ್ಟು ಹೊತ್ತು ನಿಂತೀತು?

ಒಂದು ಮಾತನ್ನು ವಿಶೇಷವಾಗಿ ತಾಯಂದಿರಲ್ಲಿ ಹೇಳಬೇಕಾಗಿದೆ. ಸಂಜೆ ಕರೆಂಟು ಇದ್ದ ಹೊತ್ತಿನಲ್ಲಿ ಹೆಣ್ಣುಮಗಳು ನೀರು ತರುತ್ತಾಳೆ, ರೊಟ್ಟಿ ಬಡಿಯುತ್ತಾಳೆ, ತಮ್ಮನನ್ನು ಮಲಗಿಸುತ್ತಾಳೆ. ಅವಳ ಕೈ ಬಿಡುವಾಗುವ ಹೊತ್ತಿಗೆ ದೀಪ ಆರಿರುತ್ತದೆ. ಅಣ್ಣ ಆಗಲೇ ಓದಿ ಮುಗಿಸಿರುತ್ತಾನೆ. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಗೆ ಇದಕ್ಕಿಂತ ಉದಾಹರಣೆ ಬೇಕಿಲ್ಲ. ಮನೆಯಲ್ಲಿ ಒಂದೇ ದೀಪವಿದ್ದರೆ ಅದರ ಒಂದು ತಾಸು ಅವಳ ಹೆಸರಿಗೆ ಬರೆದಿಡಿ. ಆ ತಾಸಿನಲ್ಲಿ ಅವಳನ್ನು ಯಾವ ಕೆಲಸಕ್ಕೂ ಕರೆಯಬೇಡಿ.

ದೀಪ ಸಿಕ್ಕಿತೆಂದು ಲೈನಿನ ಹಕ್ಕನ್ನು ಬಿಟ್ಟುಕೊಡಬೇಕಿಲ್ಲ. 2003ರ ಕಾಯಿದೆಯ 43ನೆಯ ಕಲಮು, ಕಟ್ಟಡದ ಮಾಲೀಕನಷ್ಟೇ ಅಲ್ಲ, ಅಲ್ಲಿ ವಾಸಿಸುವವನೂ ವಿದ್ಯುತ್ ಸಂಪರ್ಕಕ್ಕೆ ಅರ್ಜಿ ಕೊಡಬಹುದೆಂದು ಹೇಳುತ್ತದೆ. ಕಾಗದಪತ್ರ ಬೇಕಾಗುತ್ತವೆ, ಓಡಾಟವೂ ಆಗುತ್ತದೆ. ಆದರೂ ಹತ್ತು ಮನೆಯವರು ಕೂಡಿ ಕೇಳಿದರೆ ಒಬ್ಬನ ಮಾತಿಗಿಂತ ತೂಕ ಹೆಚ್ಚು. ಕರೆಂಟು ಹೋದಾಗ 1912 ಎಂಬ ಸಂಖ್ಯೆಗೆ ಫೋನು ಮಾಡಿ ದೂರಿನ ನಂಬರು ಬರೆದಿಟ್ಟುಕೊಳ್ಳಿ. ವಿದ್ಯಾರ್ಥಿಗಳೇ, “ನಿಮ್ಮ ಬಡಾವಣೆಯ ವಿದ್ಯುತ್ ತೊಂದರೆ ಕುರಿತು ಅಧಿಕಾರಿಗಳಿಗೆ ಪತ್ರ ಬರೆಯಿರಿ” ಎಂಬ ಪ್ರಶ್ನೆಯನ್ನು ನಾವು ಎಷ್ಟು ಸಲ ಕೊಟ್ಟಿಲ್ಲ! ನೀವೂ ಅಂದವಾಗಿ ಬರೆದು ಅಂಕ ಪಡೆದಿದ್ದೀರಿ. ಆ ಪತ್ರಗಳಲ್ಲಿ ಒಂದಾದರೂ ಟಪಾಲು ಪೆಟ್ಟಿಗೆಗೆ ಬೀಳಲಿ. ಕನ್ನಡದಲ್ಲಿ ವಿಚಾರ ಮಾಡಿ, ಇಲ್ಲಿನ ಕಚೇರಿಯವರಿಗೆ ತಿಳಿಯುವಂತೆ ಮರಾಠಿಯಲ್ಲೋ ಇಂಗ್ಲೀಷಿನಲ್ಲೋ ಬರೆದು, ಕೆಳಗೆ ತಂದೆಯ ಸಹಿ ಹಾಕಿಸಿ ಕಳಿಸಿರಿ. ಎರಡು ಮೂರು ಭಾಷೆ ಕಲಿತದ್ದಕ್ಕೆ ಇದಕ್ಕಿಂತ ಸಾರ್ಥಕತೆ ಏನಿದೆ?

ಬಾಯಾರಿದಾಗ ಬಾವಿ ತೋಡಿದರೆ ಪ್ರಯೋಜನವಿಲ್ಲ. ಪರೀಕ್ಷೆ ಹದಿನೈದು ದಿನ ಇರುವಾಗ ದೀಪ ಹುಡುಕಿದರೂ ಅಷ್ಟೇ. ಹೊಸ ವರ್ಷದ ಪುಸ್ತಕ, ಪಟ್ಟಿ, ಪೆನ್ನು ಕೊಳ್ಳುವ ದಿನವೇ ದೀಪವನ್ನೂ ಅದೇ ಯಾದಿಯಲ್ಲಿ ಬರೆಯಿರಿ. ಮೇಲೆ ಹೇಳಿದ ಯೋಜನೆಯನ್ನು ನಮ್ಮ ಶಾಲೆಯ ಪಾಲಕ-ಶಿಕ್ಷಕರ ಮುಂದಿನ ಸಭೆಯಲ್ಲಿ ಮಂಡಿಸಬೇಕೆಂದಿದ್ದೇನೆ. ಆ ದಿನ ಒಂದು ಹೊತ್ತಿನ ಕೆಲಸ ಬಿಟ್ಟಾದರೂ ಪಾಲಕರು ಬರಬೇಕು, ಬಂದು ತಮ್ಮ ವಿಚಾರವನ್ನು ಬಿಚ್ಚುಮನಸ್ಸಿನಿಂದ ಹೇಳಬೇಕು ಎಂದು ಪ್ರಾರ್ಥಿಸುತ್ತೇನೆ.